ಹೆಂಡತಿಯ ತೂಕ, ಬೇಳೆಯ ಸೂಪು

ಮಾರ್ಚ್ 3, ಸೋಮವಾರ

ದಿನಾ ತೂಕ ಬರೆದಿಡಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಈ ಪುಸ್ತಕ. ದಿನಚರಿ ಬರೆಯುವ ಚಟ ನನಗಿಲ್ಲ.

ಹೆಂಡತಿ ಕಿಟಕಿಯ ಪರದೆ ಬಿಚ್ಚಲು ಸ್ಟೂಲ್ ಹತ್ತಿ ಬಿದ್ದಳು. ಕೆಳದವಡೆ ಎರಡು ಕಡೆ ಮುರಿದಿದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದಾರೆ. ಏಪ್ರಿಲ್ ಹತ್ತರವರೆಗೆ ಬಾಯಿ ತೆರೆಯುವಂತಿಲ್ಲ. ಸ್ಟ್ರಾದಲ್ಲಿ ಹೀರುವಂಥದ್ದು ಮಾತ್ರ ಆಹಾರ. ಹಾಲು ಅವಳಿಗೆ ಚಿಕ್ಕಂದಿನಿಂದ ಆಗುವುದಿಲ್ಲ, ಬೆಣ್ಣೆ ತುಪ್ಪಕ್ಕೆ ತೊಂದರೆಯಿಲ್ಲ. ಹಣ್ಣಿನ ರಸದಲ್ಲಿ ಶಕ್ತಿ ಸಾಲದು. ಬೇಳೆಯ ಸೂಪು ಮಾಡಿ ಕೊಡಿ ಎಂದರು.

ತೂಕ ನಲವತ್ತೇಳು ಕಿಲೊಗಿಂತ ಕೆಳಗಿಳಿದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಕೆ ಹಾಕುತ್ತಾರೆ. ಆಪರೇಷನ್ ಆದ ಮೇಲೆ ಎರಡು ದಿನ ಹಾಕಿದ್ದರು. ಆ ಎರಡು ದಿನ ಅವಳು ನನ್ನ ಕೈ ಬಿಡಲಿಲ್ಲ.

ಇಂದು: 49.4. ಮನೆಯ ಯಂತ್ರವನ್ನು ನಾನೇ ಬಿಚ್ಚಿ ಸರಿಮಾಡಿದ್ದೇನೆ. ಇಪ್ಪತ್ತೆಂಟು ವರ್ಷದಿಂದ ಊರಿನ ಅಂಗಡಿಗಳ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವವನ ಮನೆಯಲ್ಲಿ ಒಂದು ಗ್ರಾಂ ಆಚೀಚೆ ಆಗುವುದಿಲ್ಲ.

ಮಾರ್ಚ್ 4, ಮಂಗಳವಾರ

ಮಸೂರ ಬೇಳೆ 100 ಗ್ರಾಂ. ನೀರು 900 ಮಿಲಿ. ಉಪ್ಪು 6 ಗ್ರಾಂ. 25 ನಿಮಿಷ.

ಕಿತ್ತಳೆ ಬಣ್ಣದ ಬೇಳೆ ಬೇಯುತ್ತ ಹಳದಿಯಾಯಿತು. ಕೆಟ್ಟುಹೋಯಿತೇನೋ ಎಂದು ಪೊಟ್ಟಣ ತಿರುಗಿಸಿ ಓದಿದೆ. ಅದರಲ್ಲಿ ಆ ವಿಚಾರ ಇರಲಿಲ್ಲ. ಮಿಕ್ಸಿಯಲ್ಲಿ ತಿರುವಿ ಸೋಸಿದೆ. ಸ್ಟ್ರಾ ಕಟ್ಟಿಕೊಂಡೀತೆಂದು ಇನ್ನೊಮ್ಮೆ ಸೋಸಿದೆ. ಆಮೇಲೆ ಬಟ್ಟೆಯಲ್ಲೂ ಸೋಸಿದೆ.

ಅವಳು ಒಂದು ಲೋಟ ಕುಡಿದು ಸ್ಲೇಟಿನಲ್ಲಿ ಬರೆದಳು: "ಚೆನ್ನಾಗಿದೆ."

ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ನಾನು ಮಾಡಿದ ಮೊದಲ ಅಡುಗೆ. ಖಾಲಿ ಲೋಟ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ತೂಕ: 49.3.

ಮಾರ್ಚ್ 6, ಗುರುವಾರ

49.0. ಸೂಪು ಮೂರು ಹೊತ್ತು, ಹೊತ್ತಿಗೆ 400 ಮಿಲಿ. ಚೆನ್ನಾಗಿದೆ ಎಂದು ಬರೆದಳು.

ಮನೆ ಬಹಳ ನಿಶ್ಶಬ್ದವಾಗಿದೆ. ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಹೇಳುವುದು ಅವಳ ಕೆಲಸ. ಮನೆಗೆ ಬಂದ ಮೇಲೂ ಆ ಮೈಕು ಆರುತ್ತಿರಲಿಲ್ಲ. ನಾನು ಮಾತಿನವನಲ್ಲ. ಅವಳು ಇಬ್ಬರ ಪಾಲಿನದನ್ನೂ ಆಡಿಬಿಡುತ್ತಿದ್ದಳು, ಆದ್ದರಿಂದ ನನಗೆ ಅದರ ಕೊರತೆ ಎಂದೂ ಗೊತ್ತಾಗಿರಲಿಲ್ಲ.

ಮಾರ್ಚ್ 9, ಭಾನುವಾರ

ನಾದಿನಿ ಬಂದಿದ್ದಳು. ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಭಾವ, ಇದು ಕೈ ತೊಳೆಯೋಕೆ ಇಟ್ಟಿರೋದಾ?" ಎಂದು ಕೇಳಿದಳು.

"ಸೂಪು."

"ಅಕ್ಕನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನೀವು ಬೇಜಾರು ಮಾಡ್ಕೋಬೇಡಿ. ನಿಮಗೂ ವಿಶ್ರಾಂತಿ."

ನಾನು ಪುಸ್ತಕ ತಂದು ತೋರಿಸಿದೆ. ಬಿದ್ದ ಮೇಲೆ ಎಂಥವರಿಗೂ ತೂಕ ಇಳಿಯುತ್ತದೆ, ಇವಳಿಗೆ ದಿನಕ್ಕೆ ನೂರು ಗ್ರಾಂ ಕೂಡ ಇಳಿಯುತ್ತಿಲ್ಲ. ಹೆಂಡತಿಯೂ ತಲೆ ಅಲ್ಲಾಡಿಸಿ "ಇಲ್ಲೇ ಇರ್ತೀನಿ. ಸೂಪು ಚೆನ್ನಾಗಿದೆ" ಎಂದು ಬರೆದು ತೋರಿಸಿದಳು. ನಾದಿನಿ ಬಾಯಿ ಮುಚ್ಚಿಕೊಂಡು ಹೋದಳು. 48.9.

ಮಾರ್ಚ್ 12, ಬುಧವಾರ

48.8. ನಿಂತ ನೀರಿನಂತೆ ನಿಂತಿದೆ. ನನ್ನ ಲೆಕ್ಕ ಸರಿಯಾಗಿದೆ.

ಮಾರ್ಚ್ 13, ಗುರುವಾರ

ಆಸ್ಪತ್ರೆಯಲ್ಲಿ 47.6.

ನರ್ಸ್ ಮೂರು ಸಲ ನಿಲ್ಲಿಸಿ ನೋಡಿದರು. ಮೂರು ಸಲವೂ ಅದೇ. ಡಾಕ್ಟರು ಕನ್ನಡಕ ತೆಗೆದಿಟ್ಟು, "ಹೀಗೆ ಇಳೀತಾ ಹೋದ್ರೆ ಒಂದೇ ವಾರ. ಮುಂದಿನ ಗುರುವಾರ ನೋಡ್ತೀನಿ. ನಲವತ್ತೇಳಕ್ಕಿಂತ ಒಂದು ಗ್ರಾಂ ಕಡಿಮೆ ಇದ್ರೂ ಸೇರಿಸಿಬಿಡ್ತೀನಿ" ಎಂದರು.

"ನಿಮ್ಮ ಯಂತ್ರ ಸರಿ ಇಲ್ಲ" ಎಂದೆ.

"ಹೋದ ತಿಂಗಳು ತಾನೆ ತಂದದ್ದು ಸರ್" ಎಂದರು ನರ್ಸ್.

"ಹೊಸದು ಅಂತ ಸರಿ ಇರಬೇಕು ಅಂತೇನಿಲ್ಲ. ನಮ್ಮನೆಯದರಲ್ಲಿ ನಿನ್ನೆ ಸಂಜೆ ನಲವತ್ತೆಂಟು ಎಂಟುನೂರು."

ಹೆಂಡತಿ ನನ್ನ ಅಂಗಿಯ ತೋಳು ಎಳೆದಳು. ನಾನು ಕೇಳಲಿಲ್ಲ. ಒಂದು ಕಿಲೊ ಇನ್ನೂರು ಗ್ರಾಂ ತಪ್ಪು ತೋರಿಸುವ ಯಂತ್ರವನ್ನು ನಂಬಿ ಒಬ್ಬಳ ಮೂಗಿಗೆ ನಳಿಕೆ ಹಾಕುತ್ತಾರೆಂದರೆ ಸುಮ್ಮನಿರಲಿಕ್ಕಾಗುತ್ತದೆಯೇ?

ಮಾರ್ಚ್ 14, ಶುಕ್ರವಾರ

ಇವತ್ತಿನದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆದಿಡುತ್ತೇನೆ.

ಬೆಳಿಗ್ಗೆ ಅಂಗಡಿಯಿಂದ ಯಂತ್ರ ಪರೀಕ್ಷಿಸುವ ಹತ್ತು ಕಿಲೊದ ಎರಡು ಬಟ್ಟುಗಳನ್ನು, ಎಂದರೆ ತೂಕದ ಕಲ್ಲುಗಳನ್ನು, ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಎರಡನೆಯ ಮಹಡಿಗೆ ಅವನ್ನು ಹೊತ್ತುಕೊಂಡು ಹೋದೆ. ನರ್ಸ್ ನನ್ನನ್ನು ನೋಡಿ, ನಗಬೇಕೋ ಕಾವಲುಗಾರನನ್ನು ಕರೆಯಬೇಕೋ ಗೊತ್ತಾಗದೆ ಪಕ್ಕಕ್ಕೆ ಸರಿದರು. ಒಂದು ಬಟ್ಟು ಇಟ್ಟೆ. 10.0. ಎರಡನೆಯದನ್ನೂ ಇಟ್ಟೆ. 20.0. ನಾನು ನಿಂತೆ, ಬಟ್ಟು ಹಿಡಿದು ನಿಂತೆ, ಒಂದು ಮೂಲೆಯಲ್ಲಿ ನಿಂತೆ. ಯಂತ್ರ ಒಂದು ಕಡೆಯೂ ತಪ್ಪಲಿಲ್ಲ. ಅಷ್ಟು ಒಳ್ಳೆಯ ಯಂತ್ರವನ್ನು ನಾನು ಇತ್ತೀಚೆಗೆ ನೋಡಿಲ್ಲ. ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮನೆಗೆ ಬಂದು ನಮ್ಮ ಯಂತ್ರವನ್ನು ನೋಡಿದೆ. ಅದೂ ಸರಿ. ಎರಡೂ ಸರಿ ಇದ್ದರೆ ಒಂದು ಕಿಲೊ ಇನ್ನೂರು ಗ್ರಾಂ ಎಲ್ಲಿಂದ ಬಂತು? ಮನೆಯಲ್ಲಿಡುವ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆ ತೆಗೆದೆ. ಒಂದೊಂದು ಬಟ್ಟಿಗೂ ಮಖಮಲ್ಲಿನ ಒಂದೊಂದು ಗುಳಿ ಇದೆ. ಕಿಲೊದ ಗುಳಿ ಖಾಲಿ. ಇನ್ನೂರರ ಗುಳಿಯೂ ಖಾಲಿ.

ಮನೆಯಲ್ಲಿ ತೂಗುವಾಗ ಅವಳು ಹಾಕಿಕೊಳ್ಳುತ್ತಿದ್ದ ಉದ್ದನೆಯ ಸ್ವೆಟರಿನ ಜೇಬಿನಲ್ಲಿ ಎರಡೂ ಇದ್ದವು. ಆರಂಭದಲ್ಲಿ ಐವತ್ತು ಗ್ರಾಮಿನದು, ಆಮೇಲೆ ನೂರು, ಹೀಗೆ ಏರಿಸುತ್ತ ಬಂದಿದ್ದಳಂತೆ. ಎಷ್ಟೋ ಅಂಗಡಿಯವರ ಮೋಸ ಹಿಡಿದಿದ್ದೇನೆ. ತಟ್ಟೆಯ ಕೆಳಗೆ ಅಂಟಿಸಿದ ಅಯಸ್ಕಾಂತ, ಕೊರೆದ ಬಟ್ಟು, ಎಲ್ಲ. ಮನೆಯೊಳಗಿನದು ಕಣ್ಣಿಗೆ ಬೀಳಲಿಲ್ಲ.

"ಯಾಕೆ ಹೀಗೆ ಮಾಡಿದೆ?"

ಅವಳು ಸ್ಲೇಟು ತೆಗೆದುಕೊಂಡು ಬರೆದಳು: "ಮೊದಲ ದಿನ ಲೋಟ ಹಿಡ್ಕೊಂಡು ನಿಂತಿದ್ರಲ್ಲ. ಆ ಮುಖ ನೋಡಿ ಹೇಳೋಕೆ ಆಗಲಿಲ್ಲ."

"ಸೂಪು?"

"ನಿಜ ಹೇಳಲಾ?"

"ಹೇಳು."

"ಪಾತ್ರೆ ತೊಳೆದ ನೀರು."

ಅರ್ಧ ಕುಡಿದು ಅರ್ಧವನ್ನು ಬಚ್ಚಲಿಗೆ ಸುರಿಯುತ್ತಿದ್ದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಹೆದರಿಕೆ ಬಂತು. ಅಡುಗೆಮನೆಗೆ ಹೋಗಿ ಬೆಳಗಿನ ಜರಡಿಯಲ್ಲಿ ಉಳಿದದ್ದನ್ನು ತೂಗಿ ನೋಡಿದೆ. ಬೇಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕೂತಿತ್ತು. ಹತ್ತು ದಿನ ಬೇಳೆಯನ್ನು ಕಸದ ಬುಟ್ಟಿಗೂ ನೀರನ್ನು ಹೆಂಡತಿಗೂ ಕೊಟ್ಟಿದ್ದೇನೆ.

ನಿಜವಾದ ತೂಕ: 47.4. ಆರು ದಿನ ಉಳಿದಿದೆ.

ಮಾರ್ಚ್ 15, ಶನಿವಾರ

ಅಂಗಡಿ ತೆರೆಯಲಿಲ್ಲ.

ಅವಳು ಅಡುಗೆಮನೆಗೆ ಬರುವಂತಿಲ್ಲ. ಒಗ್ಗರಣೆಯ ಹೊಗೆಗೆ ಕೆಮ್ಮು ಬಂದರೆ, ತಂತಿ ಕಟ್ಟಿದ ಬಾಯಿಯಲ್ಲಿ ಕೆಮ್ಮುವುದು ಅಪಾಯ. ಹಾಗಾಗಿ ಅವಳ ಕುರ್ಚಿಯನ್ನು ಹಜಾರದಲ್ಲಿ ಗೋಡೆಯ ಆಚೆಗೆ ಹಾಕಿದೆ. ವಾಸನೆ ಹೋಗುತ್ತದೆ, ಹೊಗೆ ಹೋಗುವುದಿಲ್ಲ. ಅವಳಿಗೆ ಒಲೆ ಕಾಣುವುದಿಲ್ಲ, ನನಗೆ ಸ್ಲೇಟು ಕಾಣುವುದಿಲ್ಲ. ಅದಕ್ಕೆ ಅವಳೇ ಒಂದು ದಾರಿ ಹುಡುಕಿದಳು. ಅವಳ ಕೈಯಲ್ಲಿ ಚಮಚ, ತೊಡೆಯ ಮೇಲೆ ಸ್ಟೀಲ್ ತಟ್ಟೆ. ಒಂದು ಸಲ ತಟ್ಟಿದರೆ ಹೂಂ. ಎರಡು ಸಲ ತಟ್ಟಿದರೆ ಊಹೂಂ. ಬಿಡದೆ ಬಾರಿಸಿದರೆ ಒಲೆ ಆರಿಸಬೇಕು. ಏನು ಆಗುತ್ತಿದೆ ಎನ್ನುವುದನ್ನು ನಾನು ಇಲ್ಲಿಂದ ಕೂಗಿ ಹೇಳಬೇಕು.

ಬೆಣ್ಣೆ ಹಾಕಿ ಎರಡು ಈರುಳ್ಳಿ ಹಾಕಿದೆ.

"ಈರುಳ್ಳಿ ಇದೆ" ಎಂದು ಕೂಗಿದೆ.

ಎರಡು ತಟ್ಟು.

"ಈರುಳ್ಳಿ ಬಿಸಿಯಾಗಿದೆ."

ಎರಡು ತಟ್ಟು, ಸ್ವಲ್ಪ ಜೋರಾಗಿ.

ಎಷ್ಟು ನಿಮಿಷ ಎಂದು ಕೇಳಲು ಹಜಾರಕ್ಕೆ ಹೋದೆ. "ನಿಮಿಷ ಬೇಡ, ನೋಡಿ" ಎಂದು ಬರೆದಿದ್ದಳು. ಬಂದು ನೋಡಿದೆ. ನೋಡಿದ್ದನ್ನು ಹೇಳಲು ನನಗೆ ಮಾತೇ ಸಿಗಲಿಲ್ಲ.

"ಅಂಚು ಮೆತ್ತಗಾಗಿದೆ. ಬೆಳ್ಳಗಿದ್ದದ್ದು ಈಗ... ನನ್ನ ಹಳೇ ಕನ್ನಡಕದ ಗಾಜು ಇದೆಯಲ್ಲ, ಉಜ್ಜಿ ಉಜ್ಜಿ ಮಾಸಿದ್ದು. ಹಾಗಿದೆ."

ಒಂದು ತಟ್ಟು.

ಅದಾದ ಮೇಲೆ ಸುಲಭವಾಯಿತು. ಈರುಳ್ಳಿ ಕೆಂಪಾಗುವ ತನಕ ಬಿಡಲಿಲ್ಲ ಅವಳು. ಬೆಳ್ಳುಳ್ಳಿ, ಜೀರಿಗೆ, ಗಜ್ಜರಿ, ಒಂದು ಆಲೂಗಡ್ಡೆ, ಮೂರು ಟೊಮೆಟೊ. ಟೊಮೆಟೊ ಕರಗಿ ಬೆಣ್ಣೆ ಅಂಚಿಗೆ ಬಂದ ಮೇಲೆ ಬೇಳೆ. ನೀರು ತಣ್ಣಗಿನದು ಬೇಡ, ಕುದಿಯುವುದು. ಮೇಲೆ ಬಂದ ನೊರೆ ತೆಗೆದುಹಾಕಬೇಕು. ಮಿಕ್ಸಿಯಲ್ಲಿ ಒಂದಲ್ಲ, ಮೂರು ಸಲ ತಿರುವಬೇಕು. ಸೋಸುವುದು ಒಂದೇ ಸಲ, ಅದೂ ದೊಡ್ಡ ಕಣ್ಣಿನ ಜರಡಿಯಲ್ಲಿ, ಸೌಟಿನಿಂದ ಒತ್ತಿ ಒತ್ತಿ. ಉಪ್ಪು, ನುಣ್ಣಗೆ ಪುಡಿ ಮಾಡಿದ ಮೆಣಸು, ಒಲೆ ಆರಿಸಿದ ಮೇಲೆ ನಿಂಬೆರಸ. ಸ್ಟ್ರಾ ಕೂಡ ದಪ್ಪನೆಯದು ತಂದೆ.

ಅವಳು ಕಣ್ಣು ಮುಚ್ಚಿಕೊಂಡು ಹೀರಿದಳು. ಲೋಟದ ತಳದಲ್ಲಿ ಸ್ಟ್ರಾ ಗೊರಗೊರ ಎನ್ನುವವರೆಗೆ ಬಿಡಲಿಲ್ಲ. ಸ್ಲೇಟಿನಲ್ಲಿ ಏನೂ ಬರೆಯದೆ ಲೋಟ ಮುಂದಕ್ಕೆ ಚಾಚಿದಳು. ಮತ್ತೊಂದು ಲೋಟ ತುಂಬಿದೆ.

ಮಾರ್ಚ್ 17, ಸೋಮವಾರ

47.2. ಇನ್ನೂ ಇಳಿಯುತ್ತಿದೆ. ಇವತ್ತು ಅವಳು ಸೆರಗು ಕೊಡವಿ, ಕೈ ಎರಡೂ ಎತ್ತಿ ತೋರಿಸಿ ಯಂತ್ರದ ಮೇಲೆ ನಿಂತಳು. ಕಳ್ಳಿಗೆ ತಮಾಷೆ.

ದಿನಕ್ಕೆ ಐದು ಲೋಟ ಮಾಡಿದ್ದೇವೆ. ಬೆಣ್ಣೆ ಹೆಚ್ಚಿಸಿದೆ. ಎಷ್ಟು ಎಂದು ತೂಗಲಿಲ್ಲ, ಕೈ ಜಿಡ್ಡಾಗಿತ್ತು.

ಮಾರ್ಚ್ 20, ಗುರುವಾರ

ಬೆಳಿಗ್ಗೆ ಮನೆಯಲ್ಲಿ 47.1. ಬಸ್ಸಿನಲ್ಲಿ ಹೋಗುವಾಗ ಅವಳ ಕೈ ತಣ್ಣಗಿತ್ತು. ಆಸ್ಪತ್ರೆಯ ಮೆಟ್ಟಿಲ ಬಳಿ ಫ್ಲಾಸ್ಕ್ ತೆಗೆದು ಕೊನೆಯ ಲೋಟವನ್ನೂ ಕುಡಿಸಿದೆ. ಯಂತ್ರ ಹತ್ತಿದಾಗ ನಾನು ನೋಡಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮುಳ್ಳಿನಿಂದ ಕಣ್ಣು ತಪ್ಪಿಸಿದ್ದು ಇದೇ ಮೊದಲು.

"ನಲವತ್ತೇಳು ನಾನೂರು" ಎಂದರು ನರ್ಸ್. "ಸರ್, ಬಟ್ಟು ತಂದಿದ್ದೀರಾ, ಇಟ್ಟು ನೋಡ್ತೀರಾ?"

"ಬೇಡಮ್ಮ. ನಿಮ್ಮ ಯಂತ್ರ ಬಂಗಾರದಂಥದ್ದು" ಎಂದೆ.

ನಾನೂರರಲ್ಲಿ ಮುನ್ನೂರು ಗ್ರಾಂ ಫ್ಲಾಸ್ಕಿನದು ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. ಡಾಕ್ಟರಿಗೆ ಹೇಳಲಿಲ್ಲ. ಒಟ್ಟಿನಲ್ಲಿ ನಳಿಕೆ ಇಲ್ಲ. ಇನ್ನೊಂದು ವಾರ ಗಡುವು.

ಮಾರ್ಚ್ 25, ಮಂಗಳವಾರ

47.6. ಏರಿದೆ. ಜೇಬು ನೋಡಿದೆ, ಖಾಲಿ ಇತ್ತು. ಹಾಗೆ ನೋಡಿದ್ದಕ್ಕೆ ಚಮಚದಿಂದ ಬೆನ್ನಿಗೆ ಒಂದು ಏಟು ಬಿತ್ತು.

ಈರುಳ್ಳಿ ಕೆಂಪಾಗಲು ಇಪ್ಪತ್ತು ನಿಮಿಷವಾದರೂ ಬೇಕು. ಆ ಹೊತ್ತಿನಲ್ಲಿ ಬಣ್ಣದ ವಿಚಾರ ಬಿಟ್ಟು ಹೇಳುವುದಕ್ಕೆ ಏನಿರುತ್ತದೆ? ಸುಮ್ಮನಾದರೆ ಅವಳು ತಟ್ಟುತ್ತಾಳೆ, ಬದುಕಿದ್ದೀರೋ ಇಲ್ಲವೋ ಎಂದು ಕೇಳುವ ಹಾಗೆ. ಅದಕ್ಕೆ ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. ಕಸಾಯಿ ಅಂಗಡಿಯವನ ತಕ್ಕಡಿಯ ಸಮಾಚಾರ, ಹಣ್ಣಿನವಳು ತನ್ನ ಬೆಕ್ಕನ್ನು ತೂಗಿಸಲು ತಂದದ್ದು, ಅದು ತಟ್ಟೆಯಲ್ಲಿ ಕೂರದೆ ನನ್ನ ಹೆಗಲಿಗೇರಿದ್ದು. ಬೇಕಾದವರು ಕೇಳಲಿ, ಬೇಡದವರು ಬಿಡಲಿ ಎಂದು ಹೇಳುತ್ತ ಹೋದೆ. ಈರುಳ್ಳಿ ಸ್ವಲ್ಪ ಹೆಚ್ಚೇ ಕೆಂಪಾಯಿತು. ತಟ್ಟೆ ಬಾರಿಸಲಿಲ್ಲ ಅವಳು. ಕೇಳುತ್ತ ಮರೆತಳೋ ಏನೋ.

ಮಾರ್ಚ್ 27, ಗುರುವಾರ

ಆಸ್ಪತ್ರೆಯಲ್ಲಿ 47.9. ಫ್ಲಾಸ್ಕ್ ಇಲ್ಲದೆ. ಡಾಕ್ಟರು ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ಸಾಲು ಬೆಳೆದಿತ್ತಂತೆ, ನರ್ಸ್ ಎರಡು ಸಲ ಬಂದು ಇಣುಕಿ ಹೋದರು. ಅಡುಗೆಯ ವಿಷಯದಲ್ಲಿ ಕೆಲವನ್ನು ವಿವರವಾಗಿ ಹೇಳದಿದ್ದರೆ ಪ್ರಯೋಜನವಿಲ್ಲ.

ಮಾರ್ಚ್ 30, ಭಾನುವಾರ

ಯಾಕೆ ಹೇಳಿದೆನೋ ಗೊತ್ತಿಲ್ಲ. ಬೇಳೆ ಬೇಯುತ್ತಿತ್ತು, ಕಿತ್ತಳೆ ಹೋಗಿ ಹಳದಿ ಬರುವ ಹೊತ್ತು. ಪಕ್ಕದ ರಸ್ತೆಯಿಂದ ಯಾವುದೋ ಬಸ್ಸಿನ ಹಾರನ್ ಕೇಳಿಸಿತು. ಅದರಿಂದ ನೆನಪಾಯಿತು.

"ನಿನಗೊಂದು ವಿಷಯ ಹೇಳಿಲ್ಲ ನಾನು" ಎಂದೆ.

ಒಂದು ತಟ್ಟು.

"ಬಸ್ ನಿಲ್ದಾಣದ ಪಾರ್ಸೆಲ್ ಕೋಣೆಯ ಯಂತ್ರ ರಿಪೇರಿಗೆ ಅಂತ ಬರ್ತಿದ್ದೆನಲ್ಲ, ಮದುವೆಗೆ ಮುಂಚೆ. ಮೊದಲ ದಿನವೇ ಅದು ಸರಿಯಾಗಿತ್ತು. ಹತ್ತು ನಿಮಿಷದ ಕೆಲಸ. ಸ್ಪ್ರಿಂಗ್ ತರಿಸಬೇಕು ಅಂತ ಸುಳ್ಳು ಹೇಳಿದೆ. ಆಮೇಲೆ ಸ್ಪ್ರಿಂಗ್ ಬಂತು, ಅಳತೆ ಕೂರಲಿಲ್ಲ ಅಂದೆ. ಆಮೇಲೆ ಬಣ್ಣ ಬಳೀಬೇಕು ಅಂದೆ. ಏಳು ಸಲ ಬಂದೆ. ಮೈಕಿನಲ್ಲಿ ನಿನ್ನ ದನಿ ಕೇಳ್ತಾ ಕೂತಿರ್ತಿದ್ದೆ. ಯಾವ ಬಸ್ಸು ಯಾವ ಅಂಕಣಕ್ಕೆ ಅನ್ನೋದು ನನಗೆ ಬಾಯಿಪಾಠ ಆಗಿತ್ತು."

ಗೋಡೆಯ ಆಚೆಯಿಂದ ಯಾವ ಸದ್ದೂ ಬರಲಿಲ್ಲ. ಸೌಟು ಹಿಡಿದುಕೊಂಡೇ ಹೋಗಿ ನೋಡಿದೆ. ಅವಳು ಎರಡೂ ಅಂಗೈಗಳಲ್ಲಿ ದವಡೆ ಹಿಡಿದುಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಗಬಾರದು, ತಂತಿ ಎಳೆಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ನಗಬೇಡ ಕಣೆ ಎಂದೆ. ಇನ್ನೂ ಹೆಚ್ಚಾಯಿತು. ಸ್ಲೇಟಿನಲ್ಲಿ "ಮೋಸಗಾರ" ಎಂದು ಬರೆದು ನನ್ನ ಮುಖಕ್ಕೆ ಹಿಡಿದಳು.

ಸೂಪು ತಳ ಹಿಡಿಯಿತು. ಸ್ವಲ್ಪ ಸೀದ ವಾಸನೆ ಇತ್ತು. ಆದರೂ ಅವಳು ಪೂರ್ತಿ ಕುಡಿದಳು. ನಾನೂ ಒಂದು ಲೋಟ ಕುಡಿದೆ, ಸ್ಟ್ರಾದಲ್ಲೇ. ಚೆನ್ನಾಗಿತ್ತು.

ತೂಕ ನೋಡುವುದು ಮರೆತೆ.

ಏಪ್ರಿಲ್ 3, ಗುರುವಾರ

48.6. ನಾದಿನಿ ಬಂದು ಎರಡು ಲೋಟ ಕುಡಿದು, "ಭಾವ, ಇದನ್ನ ಹೇಗೆ ಮಾಡ್ತೀರಾ?" ಎಂದಳು. ಕೂರಿಸಿ ಹೇಳಿದೆ. ಸಂಜೆಗೆ ಅವಳು ಅಕ್ಕನಿಗೆ, "ಇವರು ಯಾವಾಗಿಂದ ಹೀಗೆ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಹೇಗೆ ಎಂದು ಗೊತ್ತಾಗಲಿಲ್ಲ. ನಾನಂತೂ ಇದ್ದ ಹಾಗೇ ಇದ್ದೇನೆ. ಬೇಳೆ ಒಂದು ಹಿಡಿ ಹೆಚ್ಚು ಹಾಕಿದ್ದೆ, ಅದಕ್ಕೇ ಅಷ್ಟು ರುಚಿ.

ಏಪ್ರಿಲ್ 10, ಗುರುವಾರ

49.3. ತಂತಿ ಬಿಚ್ಚಿದರು.

ದವಡೆ ಇನ್ನೂ ಕೆಲವು ದಿನ ಬಿಗಿಯಾಗಿರುತ್ತದೆ, ಮೆತ್ತಗಿನದು ಏನು ಬೇಕಾದರೂ ತಿನ್ನಬಹುದು, ಮಾತಾಡಬಹುದು ಎಂದರು ಡಾಕ್ಟರು. ಒಳಗೆ ಬಂದಾಗಿನಿಂದ ಅವಳ ಕೈ ನನ್ನ ಕೈಯಲ್ಲಿತ್ತು. ಅವಳು "ಥ್ಯಾಂಕ್ಸ್ ಡಾಕ್ಟ್ರೇ" ಎಂದಳು. ಮೈಕಿನ ದನಿ ಅಲ್ಲ, ಸಣ್ಣದಾಗಿ, ಹಲ್ಲಿನ ಸಂದಿಯಿಂದ ಬಂದ ದನಿ. ಆದರೂ ಅದೇ ದನಿ. ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ನರ್ಸ್ ನೋಡಿದರು, ನೋಡಲಿ.

ದಾರಿಯುದ್ದಕ್ಕೂ ಅವಳು ಎರಡೋ ಮೂರೋ ಮಾತಾಡಿರಬೇಕು. ದವಡೆ ನೋಯುತ್ತಿರಬಹುದು. ತಟ್ಟೆ ಚಮಚ ತೊಳೆದು ಎತ್ತಿಟ್ಟೆ. ನಾಳೆಯಿಂದ ಅವಳು ಅಡುಗೆಮನೆಗೆ ಬರಬಹುದು. ನನ್ನ ಪಾಳಿ ಮುಗಿಯಿತು. ಸಂತೋಷಪಡಬೇಕು. ಪಡುತ್ತಿದ್ದೇನೆ.

ಏಪ್ರಿಲ್ 11, ಶುಕ್ರವಾರ

ಬೆಳಿಗ್ಗೆ ಅವಳು ಏನೂ ಮಾಡಲು ಹೊರಡಲಿಲ್ಲ. ಅದೇ ಕುರ್ಚಿಯಲ್ಲಿ ಗೋಡೆಯ ಆಚೆ ಕೂತಿದ್ದಳು. ಸರಿ, ಇನ್ನೊಂದು ದಿನ ಮಾಡೋಣ ಎಂದು ನಾನೇ ಈರುಳ್ಳಿ ಹೆಚ್ಚಿದೆ. ಬಾಣಲೆಗೆ ಹಾಕಿ, ಅಪ್ಪನ ವಿಷಯ ಹೇಳಲು ಶುರುಮಾಡಿದೆ. ಅಪ್ಪನ ಬಗ್ಗೆ ನಾನು ಯಾರಿಗೂ ಹೆಚ್ಚು ಹೇಳಿದವನಲ್ಲ. ಐದು ವರ್ಷದವನಿದ್ದಾಗ ಅವರು ನನ್ನನ್ನು ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಕೂರಿಸಿ, ಇನ್ನೊಂದು ತಟ್ಟೆಗೆ ಒಂದೊಂದೇ ಬಟ್ಟು ಇಡುತ್ತಿದ್ದರು. ಇಷ್ಟು ಹೇಳುವಷ್ಟರಲ್ಲಿ ನೆನಪಾಯಿತು. ಹೂಂ ಎನ್ನುವ ತಟ್ಟು ಕೇಳಿಸಿರಲಿಲ್ಲ. ಚಮಚ ನಾನೇ ಎತ್ತಿಟ್ಟಿದ್ದೇನೆ. ಅವಳಿಗೆ ಈಗ ಬಾಯಿ ಇದೆ. ಆದರೂ ಒಂದು ಮಾತಿಲ್ಲ.

ಒಲೆ ಸಣ್ಣದು ಮಾಡಿ ಹಜಾರಕ್ಕೆ ಓಡಿದೆ.

"ನೋವಾ? ಡಾಕ್ಟರಿಗೆ ಫೋನ್ ಮಾಡ್ಲಾ? ನಿನ್ನೆಯಿಂದ ನೀನು ಮಾತೇ ಆಡ್ತಿಲ್ಲ."

ಅವಳು ತಲೆ ಅಲ್ಲಾಡಿಸಿದಳು. ಒಂದೊಂದೇ ಮಾತನ್ನು ನಿಧಾನವಾಗಿ ಬಿಡಿಸಿ ಹೇಳಿದಳು.

"ನೋವಿಲ್ಲ ರೀ. ನಡುವೆ ನಾನು ಬಾಯಿ ಹಾಕಿದ್ರೆ ನೀವು ನಿಲ್ಲಿಸಿಬಿಡ್ತೀರೇನೋ ಅಂತ ಹೆದರಿದ್ದೆ."

ಏನು ನಿಲ್ಲಿಸುವುದು ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಈರುಳ್ಳಿಯ ವಾಸನೆ ಬಂತು, ಓಡಿ ಹೋಗಿ ಕೈಯಾಡಿಸಿದೆ. ಅಂಚೆಲ್ಲ ಕೆಂಪಗೆ, ಸರಿಯಾಗಿ ಬಂದಿತ್ತು. ಅದನ್ನು ಕೂಗಿ ಹೇಳಿದೆ. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಕೇಳಿದೆ.

"ನಿಮ್ಮಪ್ಪ ಬಟ್ಟು ಇಡ್ತಾ ಇದ್ರು" ಎಂದಳು ಅವಳು ಗೋಡೆಯ ಆಚೆಯಿಂದ. "ನೀವಿನ್ನೂ ಮೇಲೇಳಲಿಲ್ಲ."

ಬೆಳ್ಳುಳ್ಳಿ ಹಾಕಿ ಅಲ್ಲಿಂದ ಮುಂದುವರಿಸಿದೆ.